ಬೆಳಕಿನ ತವರುಮನೆ

ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಭೌತವಿಜ್ಞಾನಕ್ಕೆಂದು ಅಲ್ಲೊಂದು ವಿಭಾಗ ತೆರೆದದ್ದು ಮಾತ್ರ 1933ರಲ್ಲಿ, ಸಿ.ವಿ. ರಾಮನ್ ಕಲ್ಕತ್ತೆ ಬಿಟ್ಟು ನಿರ್ದೇಶಕರಾಗಿ ಬಂದ ಮೇಲೆ. ಅಲ್ಲಿಯವರೆಗೆ ರಸಾಯನ ಮತ್ತು ವಿದ್ಯುತ್ ಎಂಜಿನಿಯರಿಂಗ್‌ನದೇ ಕಾರುಬಾರು.

ಆರಂಭದಲ್ಲಿ ವಿಷಯವೆಂದರೆ ಬೆಳಕು. ಶ್ರವಣಾತೀತ ಧ್ವನಿ ಹಾಯುವ ದ್ರವದೊಳಗೆ ಬೆಳಕು ಬಿಟ್ಟರೆ, ಸಾಲು ಸಾಲು ಗೀರಿದ ಗಾಜನ್ನು ದಾಟಿದಂತೆ ಅದು ಒಡೆದು ಹರಡುತ್ತದೆ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935–36ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಅವರಿಬ್ಬರ ಹೆಸರಲ್ಲೇ ಪಾಠವಾಗುತ್ತಿದೆ.

ಆಮೇಲೆ ವಜ್ರದ ಹುಚ್ಚು. 1940ರಲ್ಲಿ ಸೇರಿದ ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಬೆನ್ನು ಹತ್ತಿದರು. ವಜ್ರ ಸೂಸುವ ಬೆಳಕು ಎಷ್ಟು ಕ್ಷೀಣವೆಂದರೆ, ಫೋಟೊ ಫಲಕದ ಮೇಲೆ ಒಂದು ರೋಹಿತ ಮೂಡಲು 15–20 ಗಂಟೆ ಬೇಕು. ಹಗಲಿಗೆ ರಾತ್ರಿಯನ್ನೂ ಕೂಡಿಸಿದರೆ ಒಂದು ಫಲಕ. 1945ರಲ್ಲಿ ಮಹಾಪ್ರಬಂಧ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು, ಎಂ.ಎಸ್ಸಿ. ಇಲ್ಲವೆಂದು ಡಾಕ್ಟರೇಟ್ ಕೊಡಲಿಲ್ಲ. ಅದೇ ವಜ್ರದ ಇನ್ನೂ ಮಸುಕಾದ, ಎರಡನೇ ಶ್ರೇಣಿಯ ರೋಹಿತವನ್ನು ಹಿಡಿದವರು ಆರ್.ಎಸ್. ಕೃಷ್ಣನ್. ಪಾದರಸದ ದೀಪದಿಂದ ಬೆಳಗಿಸಿ, ಅಡ್ಡ ಬರುವ ಪ್ರಖರ ರೇಖೆಯನ್ನು ಪಾದರಸದ ಆವಿಗೇ ನುಂಗಿಸಿದರು!

ಎರಡನೆಯ ವಿಷಯ ತಂದದ್ದು ಯುದ್ಧ. ಕೇಂಬ್ರಿಜ್‌ನಿಂದ 1939ರಲ್ಲಿ ರಜೆಗೆ ಬಂದ ಹೋಮಿ ಭಾಭಾ ಮರಳಲಾಗದೆ ಇಲ್ಲೇ ಉಳಿದರು, ವಿಶ್ವಕಿರಣಗಳ ಘಟಕ ಕಟ್ಟಿದರು. ವಿಕ್ರಂ ಸಾರಾಭಾಯಿ ವಿಶ್ವಕಿರಣಗಳ ಅಧ್ಯಯನಕ್ಕೆ ಕೈಹಾಕಿದ್ದೂ ಇಲ್ಲೇ. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಕಣ್ಣು ಬಿಟ್ಟದ್ದು ಈ ಆವರಣದಲ್ಲೇ. ಮುಂಬಯಿಗೆ ಹೋದದ್ದು ಆಮೇಲೆ.

ತವರುಮನೆಯ ರೀತಿಯೇ ಹಾಗೆ, ಬೆಳೆದ ವಿಷಯಗಳು ಬೇರೆ ಸಂಸಾರ ಹೂಡಿದವು. 1948ರಲ್ಲಿ ರಾಮನ್ ತಮ್ಮದೇ ಸಂಸ್ಥೆಗೆ ಹೊರಟರು, ಅದೂ ಕೂಗಳತೆಯ ದೂರಕ್ಕೆ. ಜಿ.ಎನ್. ರಾಮಚಂದ್ರನ್ ಅವರದು ತಿರುವುಮುರುವಿನ ಕತೆ: 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದವರನ್ನು ರಾಮನ್ ಭೌತವಿಜ್ಞಾನಕ್ಕೆ ಎಳೆದುಕೊಂಡರು. ಅವರು ಮದ್ರಾಸಿನಲ್ಲಿ ಕೊಲಾಜನ್‌ನ ರಚನೆ ಬಿಡಿಸಿ, ಮರಳಿ ಬಂದು 1971ರಲ್ಲಿ ಅಣು ಜೀವಭೌತ ಘಟಕ ತೆರೆದರು. ಖಗೋಳಕ್ಕೆ 1982ರಿಂದ ಬೇರೆ ಸಂಸ್ಥೆಗಳೊಡನೆ ಜಂಟಿ ಕಾರ್ಯಕ್ರಮ ನಡೆದಿದೆ.

ಉಳಿದದ್ದೂ ಕಡಿಮೆಯಲ್ಲ: ಅತಿಶೈತ್ಯ, ಅರೆವಾಹಕ, ಮೆದುವಸ್ತು, ಲೇಸರಿನಿಂದ ತಣಿಸಿದ ಪರಮಾಣುಗಳು. ಇವುಗಳ ನಡುವೆ ತವರು ಬಿಡದ ಒಂದು ಧಾತುವಿದೆ, ಇಂಗಾಲ. ವಜ್ರದ ಜಾಗಕ್ಕೆ ನ್ಯಾನೊ ಕೊಳವೆ, ಗ್ರಾಫೀನ್ ಬಂದಿವೆ. ಕೊಳವೆಗಳ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆಂದು ಅಜಯ್ ಸೂದ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಗ್ರಾಫೀನ್‌ನಲ್ಲಿ ವಿದ್ಯುತ್ಕಣಗಳು ಎಷ್ಟು ತುಂಬಿವೆ ಎಂದು ಪತ್ತೆ ಹಚ್ಚಲು ಅವರು ಬಳಸುವುದೂ ರಾಮನ್ ಚದರಿಕೆಯನ್ನೇ. ಈಗ ರೋಹಿತ ಪರದೆಯ ಮೇಲೆ ಮೂಡುವ ಹೊತ್ತಿಗೆ ಕೈಯಲ್ಲಿನ ಕಾಫಿ ಇನ್ನೂ ಬಿಸಿಯಾಗೇ ಇರುತ್ತದೆ.