ಒಂದು ರೂಪಾಯಿ ನೋಟಿನ ಹಿಂದಿನ ಬೆಳ್ಳಿ

ಹಳೇ ನೋಟು ಸಂಗ್ರಹಿಸುವ ಸ್ನೇಹಿತರೊಬ್ಬರು ಮೊನ್ನೆ ತಮ್ಮ ಆಲ್ಬಮ್ ತೆರೆದು ಒಂದು ರೂಪಾಯಿ ನೋಟು ತೋರಿಸಿದರು. 1917ರದ್ದು. ಕೈ ಚಾಚಿದೆ ನೋಡಿ, "ಮುಟ್ಟಬೇಡಿ ಸಾರ್, ಕವರ್ ಸಮೇತ ಹಿಡ್ಕೊಳ್ಳಿ" ಅಂದ್ರು. ನೋಟಿನ ಮೇಲೆ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರ. ಕೇಳಿದ ತಕ್ಷಣ ಒಂದು ರೂಪಾಯಿ ಕೊಡುತ್ತೇವೆ ಎಂಬ ಸರ್ಕಾರದ ಮಾತು. ಅದರಡಿ ಅಧಿಕಾರಿಯ ಸಹಿ.

ಬೆಳ್ಳಿ ರೂಪಾಯಿ ಇದ್ದಾಗ ಈ ಕಾಗದ ಯಾಕೆ ಬೇಕಾಯ್ತು? ಅಲ್ಲೇ ಇರೋದು ಕಥೆ.

1861ರ ಕಾಯ್ದೆಯಿಂದ ನೋಟು ಹೊರಡಿಸುವ ಹಕ್ಕು ಸರ್ಕಾರದ ಕೈಗೆ ಬಂತು. ಆದರೆ ನೋಟು ದೊಡ್ಡವರ ವ್ಯವಹಾರ. ಟಪಾಲಿನಲ್ಲಿ ಕಳುವಾಗದಿರಲಿ ಅಂತ ನೋಟನ್ನು ಎರಡು ತುಂಡು ಮಾಡಿ, ಮೊದಲು ಒಂದರ್ಧ, ಅದು ತಲುಪಿದ ಸುದ್ದಿ ಬಂದಮೇಲೆ ಇನ್ನೊಂದರ್ಧ ಕಳಿಸುತ್ತಿದ್ದರು! ಅಂಥ ಅರ್ಧ ನೋಟುಗಳಿಗೂ ಇವತ್ತು ಸಂಗ್ರಾಹಕರಿದ್ದಾರೆ. ರೈತನಿಗೆ, ಕೂಲಿಯವನಿಗೆ ಮಾತ್ರ ಬೆಳ್ಳಿಯೇ ದುಡ್ಡು. ಕಲ್ಲಿನ ಮೇಲೆ ಬಡಿದು ಸದ್ದು ಕೇಳಿದರೇನೇ ನಂಬಿಕೆ.

ಮೊದಲ ಮಹಾಯುದ್ಧ ಬಂತು. ಬೆಳ್ಳಿಯ ಬೆಲೆ ಏರಿತು, ಟಂಕಸಾಲೆಗೆ ಬೆಳ್ಳಿ ಸಾಲದಾಯ್ತು. 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಹೊರಬಂತು. ಹಿಂದೆಯೇ ಎರಡು ರೂಪಾಯಿ ಎಂಟಾಣೆ ನೋಟು. ಹೌದು, ಎರಡೂವರೆ ರೂಪಾಯಿಗೊಂದು ನೋಟು!

ಜನ ಸುಮ್ಮನಿರ್ತಾರಾ? 1918ರಲ್ಲಿ ನೋಟು ಹಿಡಿದು ಬೆಳ್ಳಿ ಕೊಡಿ ಅಂತ ಮುಗಿಬಿದ್ದರು. ಖಜಾನೆ ಬರಿದಾಗುವ ಹೊತ್ತಿಗೆ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ, ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಸುಮಾರು 20 ಕೋಟಿ ಔನ್ಸ್ ಬೆಳ್ಳಿ ಮಾರಿತು. ಸೂರ್ಯ ಮುಳುಗದ ಸಾಮ್ರಾಜ್ಯ ಕೊಟ್ಟ ಮಾತು ಉಳಿದದ್ದು ಅಮೆರಿಕದ ಬೆಳ್ಳಿಯಿಂದ ಸ್ವಾಮಿ!

ಅದೇ ವರ್ಷ ಜುಲೈ 2ರಂದು ಲಂಡನ್ನಿನಿಂದ ಬಾಂಬೆಗೆ ಹೊರಟಿದ್ದ ಶಿರಾಲ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. ಹಡಗಿನಲ್ಲಿ ಇಂಡಿಯಾಕ್ಕೆ ಬರಬೇಕಿದ್ದ ನೋಟುಗಳಿದ್ದವು. ಐದರ, ಹತ್ತರ ನೋಟುಗಳಿಗೆ ಇನ್ನೂ ಸಹಿಯೇ ಬಿದ್ದಿರಲಿಲ್ಲ. ಕೆಲವು ತೇಲಿಕೊಂಡು ಇಂಗ್ಲೆಂಡಿನ ದಡ ಸೇರಿದವು. ಹೆಚ್ಚಿನವನ್ನು ಸರ್ಕಾರ ನಾಶ ಮಾಡಿತು. ಉಳಿದುಕೊಂಡ ಎರಡು ಹತ್ತರ ನೋಟುಗಳು 2024ರಲ್ಲಿ ಲಂಡನ್ ಹರಾಜಿಗೆ ಬಂದವು. ಸಹಿ ಇಲ್ಲದೆ ಒಂದು ದಿನವೂ ದುಡ್ಡಾಗದ ಕಾಗದಕ್ಕೆ ಸಾವಿರಾರು ಪೌಂಡ್ ಬೆಲೆ.

ಒಂದು ರೂಪಾಯಿ ನೋಟನ್ನು ಖರ್ಚು ಗಿಟ್ಟುವುದಿಲ್ಲವೆಂದು 1926ರಲ್ಲಿ ನಿಲ್ಲಿಸಿದರು. ಸ್ನೇಹಿತರ ನೋಟಿನ ಮೂಲೆಯಲ್ಲಿ ಎಣ್ಣೆ ಕಲೆಯಿತ್ತು. ಯಾವ ಅಂಗಡಿಯ ಗಲ್ಲಾದಲ್ಲಿತ್ತೋ. "ತೊಳೆಸಬಹುದಲ್ವಾ?" ಅಂದೆ. ಅವರು ಆಲ್ಬಮ್ ಮುಚ್ಚಿಬಿಟ್ಟರು.