ಎದೆಯ ಸದ್ದಿಗೆ ಹೆಸರಿಟ್ಟವನು

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ನನ್ನ ತಂದೆಯವರಿಗೆ ನ್ಯುಮೋನಿಯಾ ಆಯಿತು. ಮನೆಗೆ ಬಂದ ವೈದ್ಯರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಜೊತೆಗಿದ್ದ ಕಾಂಪೌಂಡರನಿಗೆ 'ರಾಲ್ಸ್ ಇದೆ' ಎಂದರು. ಹಾಗೆಂದರೇನೆಂದು ತಾಯಿ ನನ್ನನ್ನು ಕೇಳಿದರು. ನಾನು ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದೆ. ಫ್ರೆಂಚಿನಿಂದ ಬಂದ ಪದ. ಸಾಯುವವರ ಗಂಟಲಿನ ಗೊರಗೊರ ಸದ್ದು ಎಂಬ ಅರ್ಥವೂ ಅದಕ್ಕಿತ್ತು. ನಿಘಂಟನ್ನು ಮುಚ್ಚಿಟ್ಟು, 'ಕಫವಂತೆ ಅಮ್ಮಾ' ಎಂದೆ. ಎರಡು ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಂದೆಯವರು ಗುಣಮುಖರಾಗಿ ಮುಂದೆ ಬಹುಕಾಲ ಬಾಳಿದರು. ಆ ಪದ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಅದರ ಚರಿತ್ರೆಯನ್ನು ಈಗ ನಿಮ್ಮ ಮುಂದಿಡುತ್ತೇನೆ.

ರೋಗಿಯ ಎದೆಯನ್ನು ಆಲಿಸುವುದು ಹೊಸದೇನಲ್ಲ. ಎದೆಯೊಳಗೆ ವಿನೆಗರ್ ಕುದಿಯುವಂತಹ ಸದ್ದು ಕೇಳುತ್ತದೆಂಬ ಮಾತು ಹಿಪೊಕ್ರೆಟಿಸನ ಹೆಸರಿನ ಪ್ರಾಚೀನ ಗ್ರೀಕ್ ಗ್ರಂಥಗಳಲ್ಲಿಯೇ ಇದೆ. ಆದರೆ ಈ ಆಲಿಕೆಗೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ರೆನೆ ಲೆನೆಕ್. 1816ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಹೃದ್ರೋಗದ ಲಕ್ಷಣಗಳಿದ್ದ ಸ್ಥೂಲಕಾಯದ ತರುಣಿಯೊಬ್ಬಳನ್ನು ಅವನು ಪರೀಕ್ಷಿಸಬೇಕಾಯಿತು. ಅವಳ ಎದೆಗೆ ಕಿವಿಯೊಡ್ಡಲು ಸಂಕೋಚ ಅಡ್ಡಬಂದಿತು. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಸ್ಪಷ್ಟವಾಗಿ ಕೇಳುವುದೆಂಬುದು ನೆನಪಾಗಿ, ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ ಎದೆಗಿಟ್ಟ. ಬರಿಗಿವಿಗಿಂತ ಚೆನ್ನಾಗಿ ಕೇಳಿಸಿತು. ಮುಂದೆ ಅದೇ ಸುಮಾರು ಒಂದಡಿ ಉದ್ದದ ಮರದ ಕೊಳವೆಯಾಯಿತು.

ಉಪಕರಣ ಸಿಕ್ಕಿತು, ಹೆಸರುಗಳು ಇರಲಿಲ್ಲ. ಪ್ಯಾರಿಸಿನ ನೆಕ್ಕೆರ್ ಆಸ್ಪತ್ರೆಯಲ್ಲಿ ಅವನು ಬದುಕಿದ್ದ ರೋಗಿಯ ಎದೆಯ ಸದ್ದನ್ನು ಗುರುತು ಹಾಕಿಕೊಂಡು, ಆ ರೋಗಿ ಸತ್ತರೆ ಶವಪರೀಕ್ಷೆಯಲ್ಲಿ ಶ್ವಾಸಕೋಶದ ಸ್ಥಿತಿಯೊಡನೆ ಹೋಲಿಸಿ ನೋಡಿದ. 1819ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದೊಂದು ಸದ್ದಿಗೂ ಒಂದೊಂದು ಉಪಮೆಯುಂಟು. ಕಾದ ಪಾತ್ರೆಯಲ್ಲಿ ಉಪ್ಪು ಸಿಡಿಯುವ ಚಟಚಟ, ಪಾರಿವಾಳದ ಜಾತಿಯ ಹಕ್ಕಿಯ ಗುಟುರು, ಮರಿಹಕ್ಕಿಗಳ ಚಿಲಿಪಿಲಿ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವನ್ನು ಕಲಿಸುತ್ತಿದ್ದ ನನಗೆ ಇದು ಬಹು ಪರಿಚಿತವಾದ ದಾರಿಯೆನಿಸಿತು.

ಈ ಎಲ್ಲ ಸದ್ದುಗಳಿಗೂ ಅವನು ಕೊಟ್ಟ ಸಾಮಾನ್ಯ ಹೆಸರು 'ರಾಲ್'. ಅಲ್ಲಿಯೇ ತೊಡಕು ಹುಟ್ಟಿತು. ಫ್ರೆಂಚ್ ಜನರಿಗೆ ಅದು ಸಾವಿನ ಗೊರಗೊರವೇ. ರೋಗಿ ಹೆದರಿಯಾನೆಂದು ಲೆನೆಕ್ ಹಾಸಿಗೆಯ ಬಳಿ ಆ ಮಾತನ್ನು ಬಿಟ್ಟು, 'ರಾಂಕಸ್' ಎಂಬ ಲ್ಯಾಟಿನ್ ಪದವನ್ನು ಬಳಸಿದ. ಅವನಿಗೆ ಎರಡೂ ಒಂದೇ ಅರ್ಥದವು. ಮುಂದಿನವರು ಇದನ್ನು ಮರೆತು, ರಾಲ್ ಎಂದರೆ ಸಿಡಿಯುವ ಸದ್ದು, ರಾಂಕಸ್ ಎಂದರೆ ಎಳೆದು ಹಾಡುವ ಸದ್ದು ಎಂದು ಎರಡು ಮಾಡಿದರು. ಕರುಣೆಯಿಂದ ಬಂದ ಪರ್ಯಾಯಪದ ಹೀಗೆ ಗೊಂದಲಕ್ಕೆ ಕಾರಣವಾಯಿತು. 1957ರಲ್ಲಿ ಇಂಗ್ಲೆಂಡಿನ ರಾಬರ್ಟ್‌ಸನ್ ಮತ್ತು ಕೂಪ್ ಎಂಬ ವೈದ್ಯರು ಈ ತೊಡಕನ್ನು ಬಿಡಿಸಿ, ಕ್ರ್ಯಾಕಲ್, ವೀಜ್ ಎಂಬ ಸರಳ ಪದಗಳೇ ಸಾಕೆಂದರು.

ಸದ್ದಿನ ಕಾರಣವೂ ಆಮೇಲೆ ತಿಳಿಯಾಯಿತು. ಸಿಡಿಯುವ ಸದ್ದೆಲ್ಲ ಕಫದೊಳಗಿನ ಗುಳ್ಳೆಗಳದೆಂದು ಬಹುಕಾಲ ನಂಬಿದ್ದರು. ಮುಚ್ಚಿಹೋದ ಸಣ್ಣ ಶ್ವಾಸನಾಳಗಳು ಉಸಿರೆಳೆದಾಗ ಫಕ್ಕನೆ ತೆರೆದುಕೊಳ್ಳುವುದರಿಂದಲೂ ಅದು ಹುಟ್ಟುತ್ತದೆಂದು 1960ರ ದಶಕದಲ್ಲಿ ಪಾಲ್ ಫೋರ್ಗಾಕ್ಸ್ ತೋರಿಸಿದರು. ಉಬ್ಬಸದ ಸುಂಯ್‌ಗುಟ್ಟುವ ಸದ್ದು ಕೊಳಲಿನಂತೆ ಕೊಳವೆಯ ಉದ್ದದಿಂದ ಬರುವ ಸ್ವರವಲ್ಲ. ಓಲಗದ ಪೀಪಿಯಂತೆ, ಇಕ್ಕಟ್ಟಾದ ನಾಳದ ಗೋಡೆಗಳೇ ಅದುರಿ ಹೊರಡುವ ಸ್ವರ.

ಲೆನೆಕನ ತಾಯಿ ತೀರಿಕೊಂಡದ್ದು ಕ್ಷಯದಿಂದ. ಅವನಿಗೂ ಅದೇ ರೋಗ ತಗಲಿತು. ಕೊನೆಯ ದಿನಗಳಲ್ಲಿ ಅವನು ತನ್ನ ಬಂಧು, ವೈದ್ಯ ಮೇರಿಯಾದೆಕನಿಂದ ತನ್ನ ಎದೆಯನ್ನು ಆಲಿಸಿ ಹೇಳಿಸಿಕೊಂಡನಂತೆ. ಆ ಮಾತುಗಳ ಅರ್ಥವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1826ರ ಆಗಸ್ಟ್ 13ರಂದು ಬ್ರಿಟನಿಯ ತನ್ನ ಮನೆಯಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ.

ನಮ್ಮ ಮನೆಗೆ ಬಂದ ವೈದ್ಯರನ್ನು ನಾನು ದೂರುವುದಿಲ್ಲ. ಅವರು ಕಲಿತ ಪದವನ್ನೇ ಆಡಿದರು. 'ಎದೆಯಲ್ಲಿ ಉಪ್ಪು ಸಿಡಿದಂತೆ ಸದ್ದಿದೆ ತಾಯಿ, ಔಷಧಿಗೆ ಇಳಿದೀತು' ಎಂದಿದ್ದರೆ ನನ್ನ ತಾಯಿಗೆ ಅರ್ಥವಾಗುತ್ತಿತ್ತು. ನಾನೂ ನಿಘಂಟನ್ನು ಮುಚ್ಚಿಡಬೇಕಾಗುತ್ತಿರಲಿಲ್ಲ.