ಬಂಟವಾಳದ ಕಡವು ಮತ್ತು ಘಟ್ಟದ ದಾರಿ

ಊರುಗಳ ಭಾಗ್ಯವನ್ನು ಅರಸರು ಕಟ್ಟಿದರೆಂದು ಚರಿತ್ರೆಯ ಪುಸ್ತಕಗಳು ಹೇಳುವುವು. ಬಂಟವಾಳದ ಭಾಗ್ಯವನ್ನಾದರೋ ಕಟ್ಟಿದವರು ಅಂಬಿಗರೂ ಹೇರೆತ್ತಿನವರೂ ಬಂಡಿಕಾರರೂ ಆಗಿದ್ದರು. ಮಂಗಳೂರಿಗೆ ಮೂಡಲಲ್ಲಿ ಸುಮಾರು 25 ಕಿಲೋಮೀಟರು ದೂರದಲ್ಲಿ, ನೇತ್ರಾವತಿಯ ಬಲದಂಡೆಯ ಮೇಲೆ ಈ ಪೇಟೆಯಿರುವುದು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ಹೊಳೆಯು ಇಲ್ಲಿ ತುಂಬಿ ಹರಿಯುವುದರಿಂದ, ಕಡಲ ಬಂದರಿನ ದೋಣಿಗಳು ಸರಕು ಹೊತ್ತು ಇಲ್ಲಿಯವರೆಗೆ ಏರಿ ಬರುತ್ತಿದ್ದುವು. ದೋಣಿಯ ಪಯಣ ಮುಗಿದಲ್ಲಿ ಎತ್ತಿನ ಪಯಣ ಮೊದಲಾಗುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ. ಅಡಿಕೆ, ಮೆಣಸು, ಏಲಕ್ಕಿ ಕೆಳಕ್ಕೆ. ಎರಡು ಬಗೆಯ ಹೊರೆಗಳೂ ಕೈಬದಲಾಗುತ್ತಿದ್ದುದು ಈ ಕಡವಿನಲ್ಲಿ.

ದಾರಿಯು ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಟ್ಟವನ್ನೇರಿ, ಕೊಟ್ಟಿಗೆಹಾರದ ಮೂಲಕ ಮೂಡಿಗೆರೆಯನ್ನು ಸೇರುವುದು. ಇಂತಹ ದಾರಿಯನ್ನು ಆಳುವವರು ಕಣ್ಣಿಡದೆ ಬಿಟ್ಟಾರೆಯೇ? ಬೆಳ್ತಂಗಡಿಯ ಬಳಿ ಒಂಟಿಯಾಗಿ ನಿಂತ ಕರಿಬಂಡೆಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನು. ಜನರು ಮಾತ್ರ ಅದನ್ನು ಗಡಾಯಿಕಲ್ಲು ಎಂದೇ ಕರೆಯುವರು. ಬಂಡೆಯಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಲುಗಳಲ್ಲದೆ ಮೇಲೇರಲು ಬೇರೆ ಮಾರ್ಗವಿಲ್ಲ. 1799ರಲ್ಲಿ ಕೋಟೆಯು ಇಂಗ್ಲಿಷರ ಕೈಸೇರಿತು. ಎರಡೇ ವರ್ಷಗಳಲ್ಲಿ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿ ವೇಣೂರು, ಮೂಡಬಿದಿರೆಗಳನ್ನು ನೋಡಿ ಬರೆದಿಟ್ಟನು.

ಮೂಡಬಿದಿರೆಯ ಸಂಗತಿ ಇನ್ನೂ ವಿಶೇಷವಾದುದು. 1430ರಲ್ಲಿ ಮೊದಲಾದ ಸಾವಿರ ಕಂಬದ ಬಸದಿಯ ಕೆತ್ತನೆಗಳಲ್ಲಿ ಆಫ್ರಿಕದ ಜಿರಾಫೆಯೂ ಚೀನೀ ಬಗೆಯ ಘಟಸರ್ಪವೂ ಕಾಣಬರುವುವು. ಕಡಲಾಚೆಯ ಸುದ್ದಿಯೂ ಸರಕಿನೊಡನೆ ಒಳನಾಡಿಗೆ ಬಂದಿತ್ತೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ಬೇಕಿಲ್ಲ.

ದಾರಿಯು ವ್ಯಾಪಾರಿಯನ್ನಷ್ಟೇ ಹೊರುವುದಿಲ್ಲ. 1837ರಲ್ಲಿ ಸುಳ್ಯದ ಸೀಮೆಯಿಂದೆದ್ದ ರೈತರ ದಂಡು ಪಾಣೆಮಂಗಳೂರು, ಬಂಟವಾಳಗಳ ಮಾರ್ಗವಾಗಿಯೇ ಮಂಗಳೂರಿಗೆ ನುಗ್ಗಿತು. ನಂದಾವರದ ಲಕ್ಷ್ಮಪ್ಪ ಬಂಗರಸನು ಅದರೊಡನೆ ಕೂಡಿಕೊಂಡನು. ಎಪ್ರಿಲ್ 5ರಂದು ಬಾವುಟೆಗುಡ್ಡೆಯಲ್ಲಿ ನಿಶಾನಿ ಏರಿತು. ಹದಿಮೂರು ದಿನಗಳ ಆ ಆಳಿಕೆಗೆ ತೆತ್ತ ಬೆಲೆ ನೇಣುಗಂಬ.

ಮುಂದೆ ಘಟ್ಟದ ಮೇಲೆ ಕಾಫಿತೋಟಗಳು ಹಬ್ಬಿದಂತೆ, ಮಂಗಳೂರಿನ ಕಾಫಿ ಕಾರ್ಖಾನೆಗಳಿಗೆ ಹೋಗುವ ಬಂಡಿಗಳ ಸಾಲು ಈ ದಾರಿಯಲ್ಲಿ ಬೆಳೆಯಿತು. ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಹಳೆಯ ಸೇತುವೆಯು ಕಡವಿನ ಕೆಲಸವನ್ನು ತಾನು ವಹಿಸಿಕೊಂಡಿತು. ಅಂಬಿಗನಿಗೆ ಅಲ್ಲಿಂದ ಮುಂದೆ ಏನು ಉಳಿಯಿತೆಂಬುದನ್ನು ಯಾವ ದಫ್ತರವೂ ವಿಚಾರಿಸಲಿಲ್ಲ. ಭಾರವನ್ನು ಸಾಗಿಸುವ ಬಗೆ ಎಷ್ಟು ಬದಲಾಯಿತೆಂದರೆ, ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಗೊಮ್ಮಟಮೂರ್ತಿಯು 1973ರಲ್ಲಿ ಗಾಲಿಗಳ ಮೇಲೆ ಮಲಗಿ ಧರ್ಮಸ್ಥಳಕ್ಕೆ ಬಂದಿತು.

ಬಂಟವಾಳವನ್ನು ಬೆಳೆಸಿದ ಹೊಳೆಯೇ ಅದನ್ನು ಹೆದರಿಸಿತು. 1923ರ ನೆರೆಯೂ 1974ರ ನೆರೆಯೂ ಪೇಟೆಯೊಳಗೆ ನುಗ್ಗಿದುವು. ಹಿರಿಯರು ಈ ನೆರೆಗಳಿಂದ ಮನೆಯ ವರ್ಷಗಳನ್ನೆಣಿಸುತ್ತಿದ್ದರು. ಹೆದ್ದಾರಿ ಪೇಟೆಯ ಹೊರಗೆ ಹಾಯ್ದಿತು. 1979ರಲ್ಲಿ ಮಂಗಳೂರು–ಹಾಸನ ರೈಲುದಾರಿ ತೆರೆದಾಗ ನಿಲ್ದಾಣವೂ ಆ ಕವಲಿನ ಬಳಿಯೇ ನಿಂತಿತು. ಬಂಟವಾಳಕ್ಕೆ ತಿರುಗುವ ಆ ಕವಲಿಗೆ ಬಂಟವಾಳ ಕ್ರಾಸ್ ರೋಡ್ ಎಂದು ಹೆಸರು. ಈಗ ಬಸ್ಸಿನವರು ಕೂಗುವುದು ಬಿ. ಸಿ. ರೋಡ್ ಎಂದು, ಇಳಿಯುವವರಲ್ಲಿ ಅನೇಕರು ಆ ಮೊದಲಕ್ಷರವು ಯಾವ ಊರಿನದೆಂದು ಕೇಳುವುದಿಲ್ಲ.